ರೊಟ್ಟಿ ನೀರಿನ ಸುಖವಾದಿ: ಎಪಿಕ್ಯೂರಸ್ ಮೇಲಿನ ಆರೋಪಗಳೂ ಅವನ ಕಡೆಯವರ ಉತ್ತರಗಳೂ

2024ರ ಫೆಬ್ರುವರಿಯಲ್ಲಿ ಇದ್ದಿಲಿನ ತುಂಡಿನಂಥ ಒಂದು ಸುರುಳಿಯನ್ನು ಬಿಚ್ಚದೆಯೇ ಓದಲಾಯಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಕಾರಿದಾಗ ಇಟಲಿಯ ಹರ್ಕ್ಯುಲೇನಿಯಂ ಊರಿನ ಒಂದು ದೊಡ್ಡ ಬಂಗಲೆಯ ಪುಸ್ತಕ ಸಂಗ್ರಹ ಸುಟ್ಟು ಕರಕಾಗಿ ಹೂತುಹೋಗಿತ್ತು. 1752ರಲ್ಲಿ ಅಗೆಯುವವರ ಕೈಗೆ ಆ ಸುರುಳಿಗಳು ಸಿಕ್ಕವು. ಬಿಡಿಸಲು ಹೋದರೆ ಹಪ್ಪಳದಂತೆ ಪುಡಿಯಾಗುತ್ತಿದ್ದವು. ಈಗ ಎಕ್ಸ್‌ರೇ ಸ್ಕ್ಯಾನ್ ತೆಗೆದು, ಒಳಗಿನ ಸುತ್ತುಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಿ, ಶಾಯಿಯ ಗುರುತನ್ನು ಪತ್ತೆಹಚ್ಚಿದ ಮೂವರು ಯುವಕರಿಗೆ 7 ಲಕ್ಷ ಡಾಲರ್ ಬಹುಮಾನ ಬಂತು. ಓದಲು ಸಿಕ್ಕಿದ್ದು 2,000ಕ್ಕೂ ಹೆಚ್ಚು ಅಕ್ಷರ.

ಅದರ ವಿಷಯ ಸುಖ. ಒಂದು ತಿನಿಸು ಅಪರೂಪ ಎಂದ ಮಾತ್ರಕ್ಕೆ ಅದು ಹೇರಳವಾಗಿ ಸಿಗುವ ತಿನಿಸಿಗಿಂತ ಹೆಚ್ಚು ಸುಖ ಕೊಡುತ್ತದೆ ಎಂದು ನಾವು ಥಟ್ಟನೆ ನಂಬುವುದಿಲ್ಲ ಎನ್ನುವ ಮಾತು ಅದರಲ್ಲಿದೆ. ಬರೆದವನು ಫಿಲೊಡೆಮಸ್ ಇರಬಹುದು ಎಂಬುದು ವಿದ್ವಾಂಸರ ಊಹೆ. ಆ ಬಂಗಲೆಯಲ್ಲಿ ಸಿಕ್ಕ ಸುರುಳಿಗಳಲ್ಲಿ ಅವನ ಬರಹಗಳೇ ಹೆಚ್ಚು, ಅವನು ಎಪಿಕ್ಯೂರಸ್‌ನ ಪಂಥದವನು.

ಸುದ್ದಿ ಓದಿ ‘ಯಾರಪ್ಪಾ ಈ ಎಪಿಕ್ಯೂರಸ್’ ಎಂದು ಹುಡುಕಿದವರಿಗೆ ಎರಡು ಬೇರೆ ಬೇರೆ ಮನುಷ್ಯರು ಸಿಗುತ್ತಾರೆ. ಇಂಗ್ಲಿಷಿನಲ್ಲಿ ‘ಎಪಿಕ್ಯೂರ್’ ಎಂದರೆ ನಾಲಗೆಯ ರುಚಿಗೆ ಬಾಳುವವನು. ಗ್ರೀಕ್ ದಾಖಲೆಗಳಲ್ಲಿ ಸಿಗುವವನೋ, ರೊಟ್ಟಿ ತಿಂದು ನೀರು ಕುಡಿದು ‘ಸುಖವೇ ಗುರಿ’ ಎಂದವನು. ಮೊದಲನೆಯ ಚಿತ್ರವನ್ನು ಬರೆದದ್ದು ಹೆಚ್ಚಾಗಿ ಅವನ ಎದುರಾಳಿ ಪಂಥಗಳು. ಅವರು ಏನೆಂದು ಆರೋಪಿಸಿದರು, ಅದಕ್ಕೆ ಉತ್ತರವೇನು, ಯಾವ ಉತ್ತರ ಗಟ್ಟಿ, ಯಾವುದು ಸಡಿಲ ಎಂಬುದನ್ನು ಬುಡದಿಂದ ನೋಡೋಣ.

ತೋಟ ಮತ್ತು ಅದರ ಯಜಮಾನ

ಎಪಿಕ್ಯೂರಸ್ ಕ್ರಿ.ಪೂ. 341ರಲ್ಲಿ ಸೇಮೋಸ್ ದ್ವೀಪದಲ್ಲಿ ಹುಟ್ಟಿದ. ಅಪ್ಪ ಶಾಲೆಯ ಮೇಷ್ಟ್ರು. ಮಿಟಿಲೀನಿ, ಲ್ಯಾಂಪ್ಸಕಸ್ ಊರುಗಳಲ್ಲಿ ಪಾಠ ಹೇಳಿ, ಕ್ರಿ.ಪೂ. 306ರ ಹೊತ್ತಿಗೆ ಅಥೆನ್ಸಿಗೆ ಬಂದು ನೆಲೆಸಿದ. 80 ಮೀನಾ ಕೊಟ್ಟು ಒಂದು ತೋಟ ಕೊಂಡ. ಒಂದು ಮೀನಾಕ್ಕೆ 100 ಡ್ರಾಕ್ಮಾ, ಅಂದರೆ 8,000 ಡ್ರಾಕ್ಮಾ. ಆ ಕಾಲದ ಕುಶಲ ಕೆಲಸಗಾರನ ದಿನಗೂಲಿ 2 ಡ್ರಾಕ್ಮಾದ ಆಸುಪಾಸು ಎಂದರೆ ಸುಮಾರು 4,000 ದಿನಗಳ ದುಡಿಮೆ. ಪಂಥಕ್ಕೆ ‘ತೋಟ’ ಎಂಬ ಹೆಸರೇ ನಿಂತಿತು.

ಅಲ್ಲಿ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿತ್ತು. ಲಿಯೋಂಟಿಯಂ ಎಂಬಾಕೆ ಅರಿಸ್ಟಾಟಲ್‌ನ ಉತ್ತರಾಧಿಕಾರಿ ಥಿಯೋಫ್ರಾಸ್ಟಸ್‌ನನ್ನು ಖಂಡಿಸಿ ಪುಸ್ತಕವನ್ನೇ ಬರೆದಳು. ತಿಂಗಳ 20ನೇ ತಾರೀಖು ಎಲ್ಲರೂ ಕೂಡಿ ಉಣ್ಣುತ್ತಿದ್ದರು. ಹೆಂಗಸರು, ಗುಲಾಮರು, ಸುಖ ಎಂಬ ಮಾತು: ಊರ ಬಾಯಿಗೆ ಇಷ್ಟು ಸಾಕಾಯಿತು. ಪಂಥ ಬಿಟ್ಟುಹೋದ ಟಿಮೊಕ್ರಟೀಸ್ ಎಂಬವನು ‘ಗುರು ದಿನಕ್ಕೆ ಎರಡು ಸಲ ವಾಂತಿ ಮಾಡುವಷ್ಟು ತಿನ್ನುತ್ತಾನೆ’ ಎಂದು ಹಬ್ಬಿಸಿದ. ಡಯೋಟಿಮಸ್ ಎಂಬ, ಎದುರಾಳಿ ಸ್ಟೋಯಿಕ್ ಪಂಥದವನು 50 ಅಶ್ಲೀಲ ಪತ್ರಗಳನ್ನು ಎಪಿಕ್ಯೂರಸ್‌ನ ಹೆಸರಿನಲ್ಲಿ ಹರಿಯಬಿಟ್ಟ.

ಎಪಿಕ್ಯೂರಸ್ ಬರೆದದ್ದು ಸುಮಾರು 300 ಸುರುಳಿ. ಪೂರ್ತಿಯಾಗಿ ಉಳಿದದ್ದು ಮೂರು ಪತ್ರ, 40 ಮುಖ್ಯ ಸೂತ್ರ. ಅವೂ ಉಳಿದದ್ದು ಕ್ರಿ.ಶ. 3ನೇ ಶತಮಾನದ ಡಯೋಜಿನಿಸ್ ಲಯೇರ್ಶಿಯಸ್ ತನ್ನ ಪುಸ್ತಕದ ಕೊನೆಯ ಭಾಗದಲ್ಲಿ ಅವನ್ನು ನಕಲು ಮಾಡಿಟ್ಟ ಕಾರಣಕ್ಕೆ. 1888ರಲ್ಲಿ ವ್ಯಾಟಿಕನ್ನಿನ ಹಸ್ತಪ್ರತಿಯೊಂದರಲ್ಲಿ ಇನ್ನೊಂದಿಷ್ಟು ಸೂಕ್ತಿಗಳು ಸಿಕ್ಕವು. ಉಳಿದಂತೆ ರೋಮಿನ ಸಿಸೆರೊ, ಗ್ರೀಕ್ ಲೇಖಕ ಪ್ಲುಟಾರ್ಕ್‌ರಂಥ ವಿರೋಧಿಗಳ ಪುಸ್ತಕಗಳಿಂದ ಹೆಕ್ಕಬೇಕು. ನಮ್ಮ ಚಾರ್ವಾಕರದೂ ಇದೇ ಪಾಡು. ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬ ಮಾತು ನಮಗೆ ತಲುಪಿರುವುದು 14ನೇ ಶತಮಾನದ ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನ ಸಂಗ್ರಹ’ದಂಥ, ಅವರನ್ನು ಒಪ್ಪದವರ ಗ್ರಂಥಗಳ ಮೂಲಕ. ಪ್ರತಿವಾದಿಯ ಕಡತ ಓದಿ ವಾದಿಯ ಮಾತು ಊಹಿಸಬೇಕಾದ ಸ್ಥಿತಿ.

ಸುಖ ಎಂದರೆ ಅವನ ಲೆಕ್ಕದಲ್ಲಿ ಏನು

ಗ್ರೀಕ್ ಪಂಥಗಳಲ್ಲಿ ಹೆಚ್ಚಿನವು ಒಂದು ಮಾತನ್ನು ಒಪ್ಪಿದ್ದವು: ಮನುಷ್ಯ ಬಯಸುವ ಕೊನೆಯ ಗುರಿ ‘ಯುಡೈಮೋನಿಯ’. ಒಂದು ಗಳಿಗೆಯ ಖುಷಿಗೆ ಈ ಹೆಸರು ಸಲ್ಲದು, ಇಡೀ ಬಾಳು ಚೆನ್ನಾಗಿ ನಡೆಯುವುದೇ ಯುಡೈಮೋನಿಯ. ಜಗಳ ಶುರುವಾಗುವುದು ಅದು ಯಾವುದರಿಂದ ಬರುತ್ತದೆ ಎನ್ನುವಲ್ಲಿ. ಅರಿಸ್ಟಾಟಲ್‌ನ ಪ್ರಕಾರ ಸದ್ಗುಣವನ್ನು ಬದುಕಿನುದ್ದಕ್ಕೂ ನಡೆಸುವುದರಿಂದ, ಜೊತೆಗೆ ಒಂದಿಷ್ಟು ಆಸ್ತಿ, ಆರೋಗ್ಯ, ಸ್ನೇಹಿತರೂ ಬೇಕು. ಸೈಪ್ರಸ್ಸಿನಿಂದ ಬಂದು ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನ ಚಿತ್ರಮಂಟಪದಲ್ಲಿ ಪಾಠ ಶುರುಮಾಡಿದ ಝೆನೊ ಮತ್ತು ಅವನ ಸ್ಟೋಯಿಕ್ ಪಂಥದವರ ಪ್ರಕಾರ ಸದ್ಗುಣವೊಂದೇ ಸಾಕು. ಲಿಬಿಯಾದ ಸಿರೀನ್ ಊರಿನ ಅರಿಸ್ಟಿಪ್ಪಸ್‌ನ ಪಂಥದವರಿಗೆ ಈ ಕ್ಷಣ ದೇಹಕ್ಕಾಗುವ ಸುಖವೇ ಎಲ್ಲ. ಎಪಿಕ್ಯೂರಸ್ ಹೇಳಿದ್ದೂ ಸುಖ ಎಂದೇ, ಗ್ರೀಕಿನಲ್ಲಿ ‘ಹೆಡೊನೆ’. ಒಂದೇ ಪದ, ಎರಡು ಅರ್ಥ. ಮುಂದಿನ ಇನ್ನೂರು ಮುನ್ನೂರು ವರ್ಷಗಳ ಗಲಾಟೆಯ ಅರ್ಧ ಪಾಲು ಇಲ್ಲಿಂದ ಹುಟ್ಟಿದ್ದು.

ಅವನು ಸುಖವನ್ನು ಎರಡಾಗಿ ಬಿಡಿಸಿದ. ನಡುಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದವರು ಒಂದು ಚೊಂಬು ನೀರು ಎತ್ತಿ ಗಟಗಟ ಕುಡಿಯುತ್ತಾರೆ. ಗಂಟಲಲ್ಲಿ ನೀರು ಇಳಿಯುವಾಗಿನ ಹಿತ ಚಲಿಸುವ ಸುಖ. ಕುಡಿದಾದ ಮೇಲೆ ಜಗಲಿಯ ಮೇಲೆ ಕೂತಾಗ ಬಾಯಾರಿಕೆ ಇಲ್ಲ, ಬೇಕು ಎನಿಸುವುದೂ ಇಲ್ಲ. ಇದು ನೆಲೆ ನಿಂತ ಸುಖ. ಎಪಿಕ್ಯೂರಸ್‌ಗೆ ದೊಡ್ಡದು ಎರಡನೆಯದು. ದೇಹಕ್ಕೆ ನೋವಿಲ್ಲದ ಸ್ಥಿತಿಗೆ ‘ಅಪೋನಿಯ’, ಮನಸ್ಸಿಗೆ ಕಳವಳವಿಲ್ಲದ ಸ್ಥಿತಿಗೆ ‘ಅತರಾಕ್ಸಿಯ’ ಎಂದು ಹೆಸರು. ಎರಡೂ ಕೂಡಿದರೆ ಗುರಿ ಮುಟ್ಟಿದಂತೆ.

ಇದರ ಜೊತೆಗೆ ಇನ್ನೆರಡು ಮಾತು ಸೇರಿಸಿದ. ಒಂದು, ನೋವು ಮತ್ತು ಸುಖದ ನಡುವೆ ಮೂರನೆಯ ಸ್ಥಿತಿ ಇಲ್ಲ. ನೋವು ಪೂರ್ತಿ ಹೋದರೆ ಇರುವುದೇ ಸುಖ. ಎರಡು, ಆ ಸುಖಕ್ಕೆ ಮೇಲ್ಮಿತಿ ಇದೆ. ಕೊಡ ತುಂಬಿದ ಮೇಲೆ ಎಷ್ಟು ಹೊಯ್ದರೂ ಚೆಲ್ಲುತ್ತದೆಯೇ ಹೊರತು ಕೊಡ ದೊಡ್ಡದಾಗುವುದಿಲ್ಲ. ಹೊಟ್ಟೆ ತುಂಬಿದವನಿಗೆ ಹೋಳಿಗೆ ಬಡಿಸಿದರೆ ಸುಖದ ಬಣ್ಣ ಬದಲಾಗುತ್ತದೆ, ಅಳತೆ ಏರುವುದಿಲ್ಲ.

ಆಸೆಗಳನ್ನು ಜರಡಿ ಹಿಡಿಯುವ ಬಗೆ

ಇದು ಬರಿ ತತ್ತ್ವವಾಗಿ ಉಳಿಯದೆ ದಿನದ ಅಭ್ಯಾಸವಾಗಲು ಅವನು ಕೊಟ್ಟ ಸಾಧನ ಒಂದು ವಿಂಗಡಣೆ. ಸಹಜವಾದ, ಬೇಕೇ ಬೇಕಾದ ಆಸೆಗಳು ಮೊದಲನೆಯವು: ಜೀವ ಉಳಿಯಲು ಅನ್ನ ನೀರು, ದೇಹ ನೋಯದಿರಲು ಬಟ್ಟೆ ಸೂರು, ನೆಮ್ಮದಿಗೆ ಗೆಳೆಯರು ಮತ್ತು ವಿವೇಚನೆ. ಸಹಜವೇ ಆದರೂ ಬೇಕೇ ಬೇಕೆಂದಿಲ್ಲದವು ಎರಡನೆಯವು: ಅನ್ನದ ಜಾಗದಲ್ಲಿ ಬಗೆಬಗೆಯ ಭಕ್ಷ್ಯ. ಟೊಳ್ಳು ಆಸೆಗಳು ಮೂರನೆಯವು: ಕಿರೀಟ, ಊರ ನಡುವೆ ತನ್ನದೊಂದು ಪ್ರತಿಮೆ, ಕೊನೆಯಿಲ್ಲದ ಹಣ.

ಟೊಳ್ಳು ಎಂದು ಗುರುತಿಸುವುದು ಹೇಗೆ? ಈಡೇರದಿದ್ದರೆ ದೇಹಕ್ಕೆ ನೋವಾಗುತ್ತದೆಯೇ ನೋಡು ಎಂದ. ಹಸಿವು ಈಡೇರದಿದ್ದರೆ ನೋವು ಖಂಡಿತ, ಪ್ರತಿಮೆ ನಿಲ್ಲದಿದ್ದರೆ ಯಾವ ಅಂಗವೂ ನೋಯುವುದಿಲ್ಲ. ಎರಡನೆಯ ಗುರುತು, ಅದಕ್ಕೆ ‘ಇಷ್ಟು ಸಾಕು’ ಎಂಬ ಗೆರೆ ಇದೆಯೇ ಎಂಬುದು. ಹಸಿವಿಗೆ ಇದೆ, ಹೆಸರಿನ ಆಸೆಗೆ ಇಲ್ಲ. ಪ್ರತಿ ಆಸೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನೂ ಕೊಟ್ಟ: ಇದು ಈಡೇರಿದರೆ ನನಗೇನಾಗುತ್ತದೆ, ಈಡೇರದಿದ್ದರೆ ಏನಾಗುತ್ತದೆ?

ಇದರ ಮೇಲೆ ಕೂಡುವ ಕಳೆಯುವ ಲೆಕ್ಕ. ಯಾವ ಸುಖವೂ ಅದರಷ್ಟಕ್ಕೆ ಕೆಟ್ಟದ್ದಲ್ಲ, ಆದರೆ ಹಿಂದೆಯೇ ದೊಡ್ಡ ನೋವು ತರುವ ಸುಖವನ್ನು ಬಿಡಬೇಕು. ಮುಂದೆ ದೊಡ್ಡ ಸುಖ ತರುವ ನೋವನ್ನು ಸಹಿಸಬೇಕು. ಸಾಲದ ತುಪ್ಪ ಈ ಲೆಕ್ಕದಲ್ಲಿ ಮೊದಲ ಸಾಲಲ್ಲೇ ಬಿದ್ದುಹೋಗುತ್ತದೆ. ತುಪ್ಪದ ಘಮ ಅರ್ಧ ಗಂಟೆ, ಸಾಲ ಕೊಟ್ಟವನು ಬಾಗಿಲು ತಟ್ಟಿಯಾನೆಂಬ ಕಳವಳ ಆರು ತಿಂಗಳು. ಭೋಗವಾದಿ ಎಂದು ಎಪಿಕ್ಯೂರಸ್‌ನನ್ನು ಹಂಗಿಸುವವರು ಈ ಲೆಕ್ಕದ ಪುಟವನ್ನು ಓದದೆ ದಾಟಿರುತ್ತಾರೆ.

ಅವನು ಇದನ್ನು ತನ್ನ ಮೇಲೇ ಪ್ರಯೋಗ ಮಾಡಿ ನೋಡಿದ. ಕೆಲವು ದಿನ ಬೇಕೆಂದೇ ಕಡಿಮೆ ಉಂಡು, ಪೂರ್ಣ ಸುಖಕ್ಕೆ ಎಷ್ಟು ಕಡಿಮೆಯಾದರೆ ಕೊರತೆ ಎನಿಸುತ್ತದೆ, ಆ ಕೊರತೆಯನ್ನು ತುಂಬಲು ಪಡುವ ಶ್ರಮಕ್ಕೆ ಅದು ಯೋಗ್ಯವೇ ಎಂದು ಅಳೆದ. ತನಗೆ ಒಂದು ಒಬೊಲ್‌ಗಿಂತ ಕಡಿಮೆ ಸಾಕು, ಇನ್ನೂ ಅಷ್ಟು ಪಳಗದ ಗೆಳೆಯ ಮೆಟ್ರೊಡೋರಸ್‌ಗೆ ಪೂರಾ ಒಂದು ಒಬೊಲ್ ಬೇಕು ಎಂದು ಪತ್ರದಲ್ಲಿ ಬರೆದ. ಒಬೊಲ್ ಎಂದರೆ ಡ್ರಾಕ್ಮಾದ ಆರನೇ ಒಂದು ಪಾಲು. ಈ ಸಂಗತಿಯನ್ನು ಉಳಿಸಿಕೊಟ್ಟವನು ಸೆನೆಕ, ಅವನೋ ಎದುರು ಪಂಥದ ಸ್ಟೋಯಿಕ್. ತೋಟದವರು ಒಂದು ಕೋಟಿಲೆ, ಅಂದರೆ ಕಾಲು ಲೀಟರಿಗಿಂತ ತುಸು ಹೆಚ್ಚು ತೆಳು ದ್ರಾಕ್ಷಾರಸದಲ್ಲಿ ತೃಪ್ತರಾಗುತ್ತಿದ್ದರು, ಬಹುಪಾಲು ಕುಡಿಯುತ್ತಿದ್ದದ್ದು ನೀರು.

ಹಾಗೆಂದು ಇದು ಉಪವಾಸದ ವ್ರತವೂ ಅಲ್ಲ. ‘ಒಂದು ಕುಡಿಕೆ ಚೀಸ್ ಕಳಿಸು, ಮನಸ್ಸಾದಾಗ ಭರ್ಜರಿ ಊಟ ಮಾಡುತ್ತೇನೆ’ ಎಂದು ಗೆಳೆಯನೊಬ್ಬನಿಗೆ ಬರೆದವನೂ ಇವನೇ. ಸದಾ ಕಡಿಮೆಯಲ್ಲೇ ಇರಬೇಕೆಂಬುದು ಅವನ ಪಾಠವಲ್ಲ. ಇಲ್ಲದ ದಿನ ಕಡಿಮೆಯಲ್ಲಿ ನಡೆಸಲು ಬರಬೇಕು ಎಂಬುದು ಪಾಠ. ದುಬಾರಿ ಊಟದ ಅಗತ್ಯ ಯಾರಿಗೆ ಅತಿ ಕಡಿಮೆಯೋ ಅವರೇ ಅದನ್ನು ಅತಿ ಹೆಚ್ಚು ಸವಿಯುತ್ತಾರೆ ಎಂದ. ‘ಹಸಿವಿಗೆ ರುಚಿ ಬೇಡ, ನಿದ್ರೆಗೆ ಸುಖ ಬೇಡ’ ಎನ್ನುವ ಮಂದಿಗೆ ಇದನ್ನು ವಿವರಿಸಬೇಕಿಲ್ಲ. ಹದ ತಪ್ಪುವುದು ರೂಢಿಯಲ್ಲಿ: ಒಮ್ಮೆ ಸಿಕ್ಕ ಭಕ್ಷ್ಯ ದಿನವೂ ಬೇಕೆನಿಸಿದಾಗ ಎರಡನೆಯ ಗುಂಪಿನ ಆಸೆ ಮೊದಲನೆಯ ಗುಂಪಿನ ವೇಷ ಹಾಕಿಕೊಂಡು ಬರುತ್ತದೆ.

ತೂತು ಹರವಿಯ ವಾದ

ಸುಖದ ಮೇಲಿನ ಅತಿ ಪ್ರಸಿದ್ಧ ದಾಳಿ ಪ್ಲೇಟೊನದು. ಅವನು ತೀರಿಕೊಂಡ ಆರೇಳು ವರ್ಷದ ಮೇಲೆ ಎಪಿಕ್ಯೂರಸ್ ಹುಟ್ಟಿದ್ದರಿಂದ ಅದು ನೇರ ಇವನ ಮೇಲಿನ ದಾಳಿಯಲ್ಲ, ಆದರೆ ಮುಂದಿನವರು ಅದನ್ನೇ ಎತ್ತಿ ಇವನ ಮೇಲೂ ಬೀಸಿದರು. ಇಬ್ಬರು ಮನುಷ್ಯರಿದ್ದಾರೆ, ಇಬ್ಬರ ಬಳಿಯೂ ದ್ರಾಕ್ಷಾರಸ, ಜೇನು, ಹಾಲಿನ ಹರವಿಗಳಿವೆ. ಒಬ್ಬನವು ಗಟ್ಟಿ, ಒಮ್ಮೆ ತುಂಬಿಸಿ ನಿಶ್ಚಿಂತೆಯಿಂದ ಕೂರುತ್ತಾನೆ. ಇನ್ನೊಬ್ಬನವು ತೂತು, ಹಗಲು ರಾತ್ರಿ ತುಂಬುತ್ತಲೇ ಇರಬೇಕು. ಸುಖವನ್ನು ಬೆನ್ನಟ್ಟುವವನು ಈ ಎರಡನೆಯವನು ಎನ್ನುತ್ತಾನೆ ಪ್ಲೇಟೊ ಬರೆದ ಸಂವಾದದ ಸಾಕ್ರಟೀಸ್. ಎದುರು ಕೂತ ಕ್ಯಾಲಿಕ್ಲಿಸ್ ಒಪ್ಪುವುದಿಲ್ಲ: ತುಂಬಿದವನದು ಕಲ್ಲಿನ ಬಾಳು, ಸುಖವಿರುವುದು ಒಳಗೆ ಹರಿದು ಬರುವುದರಲ್ಲೇ. ‘ಹಾಗಾದರೆ ಜೀವನವಿಡೀ ತುರಿಕೆ ಹತ್ತಿ, ಜೀವನವಿಡೀ ಕೆರೆದುಕೊಳ್ಳುವವನು ಸುಖಿಯೋ?’ ಎಂದು ಸಾಕ್ರಟೀಸ್ ಕೇಳುತ್ತಾನೆ.

ಈಗ ತೋಟದವರನ್ನು ಎಲ್ಲಿ ಕೂರಿಸಬೇಕು? ಗಟ್ಟಿ ಹರವಿಯವನ ಪಕ್ಕದಲ್ಲಿ. ಹರಿವಿನಲ್ಲಿ ಮಾತ್ರ ಸುಖ ಎಂದದ್ದು ಕ್ಯಾಲಿಕ್ಲಿಸ್, ಆಮೇಲೆ ಸಿರೀನ್ ಪಂಥದವರು. ಎಪಿಕ್ಯೂರಸ್ ಹೇಳಿದ್ದು ತುಂಬಿದ ಮೇಲಿನ ನಿಶ್ಚಿಂತೆಯೇ ಸುಖದ ತುದಿ ಎಂದು. ಪ್ಲೇಟೊನ ಬಾಣ ಇವನ ತಲೆಯ ಮೇಲಿಂದ ಹಾದು ಹಿಂದೆ ನಿಂತವನಿಗೆ ತಾಗುತ್ತದೆ. ರೋಮಿನ ಕವಿ ಲುಕ್ರೀಶಿಯಸ್ ಈ ತೂತು ಪಾತ್ರೆಯನ್ನು ತನ್ನ ಪಂಥದ ಪಾಠಕ್ಕೇ ಬಳಸಿಕೊಂಡ: ಹೊಯ್ಯುವ ಪದಾರ್ಥದಲ್ಲಿ ದೋಷವಿಲ್ಲ, ಪಾತ್ರೆಯಾದ ಮನಸ್ಸೇ ಸೋರುತ್ತಿದೆ, ಎಪಿಕ್ಯೂರಸ್ ಮಾಡಿದ್ದು ಆ ಪಾತ್ರೆಯ ರಿಪೇರಿ.

ಆಗ ಎದ್ದು ನಿಲ್ಲುವವರು ಸಿರೀನ್ ಪಂಥದವರು. ನೋವು ಕಡಲಿನ ಬಿರುಗಾಳಿ, ಸುಖ ಹಿತವಾದ ತೆರೆ, ಎರಡೂ ಇಲ್ಲದ್ದು ಶಾಂತ ಕಡಲು, ಶಾಂತ ಕಡಲನ್ನು ಸುಖ ಎಂದರೆ ಹೆಣವೂ ಸುಖಿಯೇ ಎಂಬುದು ಅವರ ವಾದ. ಇದು ಗಂಭೀರವಾದ ಮಾತು. ಉತ್ತರವಿರುವುದು ‘ಅರಿವು’ ಎಂಬ ಒಂದು ಪದದಲ್ಲಿ. ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ಸಂವಾದದಲ್ಲಿ ಎಪಿಕ್ಯೂರಸ್‌ನ ಪರ ವಾದಿಸುವ ಟಾರ್ಕ್ವಾಟಸ್, ನೋವೆಲ್ಲ ಹೋದಾಗ ‘ಅನುಭವಕ್ಕೆ ಬರುವ’ ಸುಖವೇ ಅತಿ ದೊಡ್ಡದು ಎನ್ನುತ್ತಾನೆ. ಹೆಣಕ್ಕೆ ಅನುಭವವಿಲ್ಲ. ಮೂರು ದಿನ ಹಲ್ಲುನೋವಿನಿಂದ ಒದ್ದಾಡಿದವರು ನಾಲ್ಕನೆಯ ಬೆಳಗ್ಗೆ ನೋವಿಲ್ಲದೆ ಎದ್ದಾಗ ಏನೂ ಆಗಿಲ್ಲ ಎನ್ನುವುದಿಲ್ಲ, ‘ಅಬ್ಬಾ’ ಎನ್ನುತ್ತಾರೆ. ಐದನೆಯ ದಿನ ಆ ‘ಅಬ್ಬಾ’ ಮರೆತುಹೋಗುತ್ತದೆ ಎಂಬುದೂ ನಿಜ. ಮರೆಯದಂತೆ ಮನಸ್ಸನ್ನು ಪಳಗಿಸುವುದೇ ತೋಟದ ಅರ್ಧ ಕೆಲಸವಾಗಿತ್ತು.

ಕ್ರಿಸಿಪ್ಪಸ್ ಚಾಚಿದ ಕೈ

ಅಥೆನ್ಸಿನ ಕೆರಮೈಕಸ್ ಬಡಾವಣೆಯಲ್ಲಿ ಸ್ಟೋಯಿಕ್ ಗುರು ಕ್ರಿಸಿಪ್ಪಸ್‌ನ ಒಂದು ಪ್ರತಿಮೆ ಇತ್ತು, ಕೂತು ಕೈ ಮುಂದೆ ಚಾಚಿದ ಭಂಗಿ. ಅವನಿಗೆ ಪ್ರಿಯವಾದ ಒಂದು ಸಣ್ಣ ತರ್ಕದ ನೆನಪು ಅದು:

‘ಈಗಿರುವ ಹಾಗೆ ನಿನ್ನ ಕೈಗೆ ಏನಾದರೂ ಬೇಕೆನಿಸುತ್ತಿದೆಯೇ?’
‘ಇಲ್ಲ.’
‘ಸುಖ ಎಂಬುದು ಒಳಿತಾಗಿದ್ದರೆ ಬೇಕೆನಿಸುತ್ತಿತ್ತಲ್ಲವೇ?’
‘ಹೌದು.’
‘ಹಾಗಾದರೆ ಸುಖ ಒಳಿತಲ್ಲ.’

ನಿಮ್ಮ ಕೈಯನ್ನೇ ಚಾಚಿ ನೋಡಿ. ಗಾಯವಿಲ್ಲ, ಸುಟ್ಟಿಲ್ಲ, ಮರಗಟ್ಟಿಲ್ಲ. ಏನೂ ಬೇಕಿಲ್ಲ ಎಂಬುದೂ ನಿಜ. ತರ್ಕದ ಬೀಗ ಎರಡನೆಯ ಪ್ರಶ್ನೆಯಲ್ಲಿದೆ. ಸುಖವೆಂದರೆ ಮಲ್ಲಿಗೆ ಮುಟ್ಟಿದಂಥ, ಎಣ್ಣೆ ಹಚ್ಚಿ ಉಜ್ಜಿದಂಥ ಹಿತ ಮಾತ್ರ ಎಂದುಕೊಂಡರೆ, ಆ ಹಿತವಿಲ್ಲದ ಕೈ ಅದಕ್ಕಾಗಿ ಹಂಬಲಿಸಬೇಕಿತ್ತು, ಹಂಬಲಿಸುತ್ತಿಲ್ಲ, ಆದ್ದರಿಂದ ಸಿರೀನ್ ಪಂಥದವರು ಸೋತರು. ಟಾರ್ಕ್ವಾಟಸ್ ಇದನ್ನು ನಗುತ್ತಲೇ ಒಪ್ಪುತ್ತಾನೆ. ಎಪಿಕ್ಯೂರಸ್‌ನ ಕೈ ಏನೂ ಬೇಡ ಎನ್ನುವುದಕ್ಕೆ ಕಾರಣ ಬೇರೆ: ನೋವಿಲ್ಲದ ಕೈ ಆಗಲೇ ಸುಖದಲ್ಲಿದೆ, ಇರುವುದನ್ನು ಯಾರೂ ಮತ್ತೆ ಕೇಳುವುದಿಲ್ಲ. ಕ್ರಿಸಿಪ್ಪಸ್ ತನಗೆ ಗೊತ್ತಿಲ್ಲದೆಯೇ ತೋಟದ ಸಾಕ್ಷಿಯಾದ.

ಸಿಸೆರೊಗೆ ಸಮಾಧಾನವಾಗಲಿಲ್ಲ. ಬಾಯಾರಿದವನು ಕುಡಿಯುವಾಗಿನ ಹಿತ, ಬಾಯಾರಿಕೆಯೇ ಇಲ್ಲದವನ ಸ್ಥಿತಿ, ಈ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟರೆ ಹೇಗೆ ಎಂದು ಕೇಳಿದ. ಪದದ ಮಟ್ಟಿಗೆ ಇದು ನ್ಯಾಯವಾದ ದೂರೇ. ಊರೆಲ್ಲ ಒಂದು ಅರ್ಥದಲ್ಲಿ ಆಡುವ ಮಾತನ್ನು ಇನ್ನೊಂದು ಅರ್ಥಕ್ಕೆ ಎಳೆದವನು ತಪ್ಪು ತಿಳಿವಳಿಕೆಯ ಬೆಲೆ ತೆರಬೇಕಾಗುತ್ತದೆ, ಎಪಿಕ್ಯೂರಸ್ ತೆತ್ತ. ಆದರೆ ಹೆಸರಿನ ಜಗಳ ಗೆದ್ದರೆ ಸಿದ್ಧಾಂತ ಬೀಳುವುದಿಲ್ಲ. ಹೆಸರು ಬದಲಿಸಿ ‘ನೆಮ್ಮದಿ’ ಎನ್ನಿ, ವಾದ ನಿಂತಲ್ಲೇ ನಿಂತಿರುತ್ತದೆ.

ಸ್ಟೋಯಿಕರ ಇನ್ನೊಂದು ಪೆಟ್ಟು ಇದಕ್ಕಿಂತ ಬಿರುಸು. ಎಳೆಗೂಸು ಹುಟ್ಟಿದೊಡನೆ ಸುಖಕ್ಕೆ ಕೈಚಾಚಿ ನೋವಿಗೆ ಅಳುತ್ತದೆ, ಯಾರೂ ಕಲಿಸದ ಈ ಒಲವೇ ಪ್ರಕೃತಿಯ ತೀರ್ಪು ಎಂದು ಎಪಿಕ್ಯೂರಸ್ ವಾದಿಸಿದ್ದ. ನಿಲ್ಲಲು ಕಲಿಯುವ ಮಗುವನ್ನು ನೋಡಿ ಎಂದರು ಸ್ಟೋಯಿಕರು. ಬೀಳುತ್ತದೆ, ಅಳುತ್ತದೆ, ಅಳುತ್ತಲೇ ಮತ್ತೆ ಏಳುತ್ತದೆ. ಬೆನ್ನ ಮೇಲೆ ಮಗುಚಿದ ಆಮೆಗೆ ನೋವೇನೂ ಇಲ್ಲ, ಆದರೂ ನೆಟ್ಟಗಾಗುವವರೆಗೆ ಕಾಲು ಬಡಿಯುತ್ತದೆ. ಹಾಗಾಗಿ ಮೊದಲ ಒಲವು ಸುಖದ ಕಡೆಗಲ್ಲ, ತನ್ನ ಇರವನ್ನು ತಾನು ಕಾಪಾಡಿಕೊಳ್ಳುವ ಕಡೆಗೆ. ತೋಟದ ಪರವಾಗಿ, ಮಗುಚಿದ ಸ್ಥಿತಿಯೇ ಒಂದು ಕಳವಳವಲ್ಲವೇ ಎಂದು ಕೇಳಬಹುದು. ಹಾಗೆ ಕೇಳಿದರೂ ಮಗು ಕೂಡಿ ಕಳೆದು ಲೆಕ್ಕ ಹಾಕುವುದಿಲ್ಲ ಎಂಬುದು ಉಳಿಯುತ್ತದೆ. ಈ ಸುತ್ತಿನಲ್ಲಿ ಸ್ಟೋಯಿಕರ ಕೈ ತುಸು ಮೇಲು.

ಸದ್ಗುಣ ಸುಖದ ದಾಸಿಯೇ?

ಕ್ಲಿಯಾಂಥಿಸ್ ಎಂಬ ಸ್ಟೋಯಿಕ್ ಗುರು ತನ್ನ ಶಿಷ್ಯರಿಗೆ ಒಂದು ಚಿತ್ರ ಕಲ್ಪಿಸಿಕೊಳ್ಳಿ ಎನ್ನುತ್ತಿದ್ದ. ಸಿಂಹಾಸನದ ಮೇಲೆ ಒಡವೆ ವಸ್ತ್ರ ತೊಟ್ಟ ಸುಖ ಎಂಬ ರಾಣಿ. ಕಾಲ ಬಳಿ ನ್ಯಾಯ, ಧೈರ್ಯ, ಸಂಯಮ ಮೊದಲಾದ ದಾಸಿಯರು. ಚಿತ್ರ ನೋಡಿದವರಿಗೆ ನಾಚಿಕೆಯಾಗಬೇಕು ಎಂಬುದು ಉದ್ದೇಶ.

ತೋಟದ ಉತ್ತರದಲ್ಲಿ ನಾಚಿಕೆ ಇಲ್ಲ. ವೈದ್ಯವಿದ್ಯೆಯನ್ನು ನಾವು ಮೆಚ್ಚುವುದು ಆರೋಗ್ಯಕ್ಕಾಗಿ, ಹಡಗು ನಡೆಸುವ ವಿದ್ಯೆಯನ್ನು ದಡ ಸೇರುವುದಕ್ಕಾಗಿ. ಸದ್ಗುಣವೂ ಹಾಗೆ. ಇಂದಿನ ಟರ್ಕಿಯಲ್ಲಿರುವ ಈನೊಆಂಡ ಎಂಬ ಊರಿನ ಇನ್ನೊಬ್ಬ ಡಯೋಜಿನಿಸ್ ಕ್ರಿ.ಶ. 2ನೇ ಶತಮಾನದಲ್ಲಿ ಸುಮಾರು 80 ಮೀಟರ್ ಉದ್ದದ ಗೋಡೆಯ ಮೇಲೆ ಪಂಥದ ಬೋಧನೆಗಳನ್ನು ಕೆತ್ತಿಸಿದ. ಅದರಲ್ಲೂ ಇದೇ ಮಾತು: ಗುರಿ ಸುಖ, ಸದ್ಗುಣಗಳು ಅದರ ಸಾಧನ. ಆದರೆ ಸಾಧನ ಎಂದರೆ ಬೇಕಾದಾಗ ಎತ್ತಿ ಬೇಡವಾದಾಗ ಎಸೆಯುವ ಕೋಲಲ್ಲ. ವಿವೇಕ, ಮರ್ಯಾದೆ, ನ್ಯಾಯ ಇಲ್ಲದೆ ಸುಖವಾಗಿ ಬಾಳಲಾಗದು, ಸುಖವಿಲ್ಲದೆ ಅವುಗಳಂತೆ ಬಾಳಲಾಗದು, ಎರಡೂ ಕೂಡಿಯೇ ಬೆಳೆದವು ಎಂದು ಎಪಿಕ್ಯೂರಸ್ ಬರೆದ.

ಸಿಕ್ಕಿಬೀಳದಿದ್ದರೆ ಕದಿಯಬಹುದೇ? ಸಾವಿರ ಸಲ ತಪ್ಪಿಸಿಕೊಂಡರೂ ಸಾಯುವವರೆಗೆ ಸಿಕ್ಕಿಬೀಳುವುದಿಲ್ಲ ಎಂಬ ಭರವಸೆ ಕಳ್ಳನಿಗಿಲ್ಲ, ಆ ಕಳವಳವೇ ಅವನ ಶಿಕ್ಷೆ ಎಂಬುದು ಉತ್ತರ. ಖಂಡಿತವಾಗಿ ಸಿಕ್ಕಿಬೀಳುವುದಿಲ್ಲ ಎಂದಾದರೆ? ಈ ಪ್ರಶ್ನೆಯನ್ನು ಎಪಿಕ್ಯೂರಸ್ ತಾನೇ ಹಾಕಿಕೊಂಡು, ಸರಳವಾದ ಉತ್ತರ ಸುಲಭವಲ್ಲ ಎಂದನಂತೆ. ಪ್ಲುಟಾರ್ಕ್ ಇದನ್ನು ಎತ್ತಿ ಆಡಿಕೊಳ್ಳುತ್ತಾನೆ. ಟೊಳ್ಳು ಆಸೆ ಕಳೆದುಕೊಂಡವನಿಗೆ ಕದಿಯಬೇಕಾದ ಮಾಲೇ ಲೋಕದಲ್ಲಿ ಇರುವುದಿಲ್ಲ ಎಂದು ತೋಟದವರು ಹೇಳಬಹುದು. ಅದು ವಿವೇಕಿಗೆ ಸರಿ. ಉಳಿದವರಿಗೆ ಕಾನೂನು ಬೇಕೇ ಬೇಕು, ಅದನ್ನು ಅವನೂ ಅಲ್ಲಗಳೆಯಲಿಲ್ಲ. ನ್ಯಾಯವೆಂದರೆ ಒಬ್ಬರಿಗೊಬ್ಬರು ಕೇಡು ಮಾಡದಿರುವ ಒಪ್ಪಂದ, ಜನಕ್ಕೆ ಉಪಯೋಗವಾಗುವುದು ನಿಂತ ದಿನ ಆ ಕಾನೂನು ನ್ಯಾಯವಾಗಿ ಉಳಿಯುವುದಿಲ್ಲ ಎಂಬುದು ಅವನ ನಿಲುವು.

ಎಣಿಸಿ ಹಂಚಿದ ಅವರೆಕಾಳು

ಗೆಳೆತನ ನಿನ್ನ ಸುಖಕ್ಕಾದರೆ, ಗೆಳೆಯ ಹೊರೆಯಾದ ದಿನ ಕೈಬಿಡುತ್ತೀಯಲ್ಲವೇ? ಸಿಸೆರೊನ ಈ ಪ್ರಶ್ನೆ ಇಂದಿಗೂ ತಾಜಾ. ಇದಕ್ಕೆ ಪಂಥದೊಳಗೇ ಒಂದಕ್ಕಿಂತ ಹೆಚ್ಚು ಉತ್ತರಗಳಿದ್ದವು. ಗೆಳೆಯನನ್ನು ನನ್ನಷ್ಟೇ ಪ್ರೀತಿಸದಿದ್ದರೆ ಗೆಳೆತನದ ಸುಖವೇ ದಕ್ಕದು ಎಂದರು ಕೆಲವರು. ಶುರುವಾಗುವುದು ಪ್ರಯೋಜನದಿಂದ ಇರಬಹುದು, ಒಡನಾಟ ಬೆಳೆದಂತೆ ಪ್ರಯೋಜನ ಮರೆತು ಪ್ರೀತಿ ಉಳಿಯುತ್ತದೆ, ಊರು, ಗುಡಿ, ಕುದುರೆ, ನಾಯಿಯ ಮೇಲೂ ನಮಗೆ ಹೀಗೇ ಅಕ್ಕರೆ ಬರುವುದಲ್ಲವೇ ಎಂದರು ಇನ್ನು ಕೆಲವರು. ಎಪಿಕ್ಯೂರಸ್‌ನ ಸ್ವಂತ ಮಾತು ಇನ್ನೂ ಸೂಕ್ಷ್ಮ: ಗೆಳೆಯರ ನೆರವಿಗಿಂತ, ನೆರವು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ನಮಗೆ ಹೆಚ್ಚು ಬೇಕು. ಪೈಥಾಗೊರಸ್ ಹೇಳಿದಂತೆ ಎಲ್ಲರ ಆಸ್ತಿ ಒಟ್ಟು ಸೇರಿಸುವುದನ್ನು ಅವನು ಒಪ್ಪಲಿಲ್ಲ. ಒಟ್ಟು ಸೇರಿಸಬೇಕೆಂದರೆ ನಂಬಿಕೆ ಇಲ್ಲ ಎಂದಾಯಿತು, ನಂಬಿಕೆ ಇಲ್ಲದ ಕಡೆ ಗೆಳೆತನವೆಲ್ಲಿ?

ಪರೀಕ್ಷೆ ಬಂದದ್ದು ಕ್ರಿ.ಪೂ. 294ರ ಸುಮಾರಿಗೆ. ಡೆಮಿಟ್ರಿಯಸ್ ಎಂಬ ದೊರೆ ಅಥೆನ್ಸಿಗೆ ಮುತ್ತಿಗೆ ಹಾಕಿ ದವಸದ ದಾರಿ ಕಡಿದ. ಒಂದು ಮನೆಯಲ್ಲಿ ಅಪ್ಪ ಮಗ ಹತಾಶರಾಗಿ ಕೂತಿದ್ದಾಗ ಮಾಡಿನಿಂದ ಸತ್ತ ಇಲಿಯೊಂದು ಬಿತ್ತಂತೆ, ಅದಕ್ಕಾಗಿ ಇಬ್ಬರೂ ಕಿತ್ತಾಡಿದರಂತೆ. ಅದೇ ಹೊತ್ತಿನಲ್ಲಿ ಎಪಿಕ್ಯೂರಸ್ ಅವರೆಯಂಥ ಕಾಳನ್ನು ಒಂದೊಂದಾಗಿ ಎಣಿಸಿ ತೋಟದವರಿಗೆಲ್ಲ ಹಂಚಿ ಅವರನ್ನು ಉಳಿಸಿಕೊಂಡ. ಎರಡನ್ನೂ ಒಂದೇ ಕಡೆ ಬರೆದಿಟ್ಟವನು ಪ್ಲುಟಾರ್ಕ್, ಎಪಿಕ್ಯೂರಸ್‌ನ ಮೇಲೆ ಖಂಡನೆಯ ಪುಸ್ತಕಗಳನ್ನೇ ಬರೆದವನು. ಹೊರೆಯಾದ ದಿನ ಕೈಬಿಡುವವರ ಲೆಕ್ಕ ಹೀಗಿರುವುದಿಲ್ಲ.

ಸಾವು, ನೋವು, ಕೊನೆಯ ಪತ್ರ

ದೇವರಿಗೆ ಹೆದರಬೇಡ, ಸಾವಿನ ಚಿಂತೆ ಬೇಡ, ಒಳಿತು ಸುಲಭವಾಗಿ ಸಿಗುತ್ತದೆ, ಕೇಡು ಸಹಿಸಲು ಬರುತ್ತದೆ. ಈ ನಾಲ್ಕು ಸಾಲಿನ ‘ನಾಲ್ಮದ್ದು’ ಹರ್ಕ್ಯುಲೇನಿಯಂನ ಕರಕು ಸುರುಳಿಯೊಂದರಲ್ಲಿ ಸಿಕ್ಕಿತು. ದೇವರುಗಳಿದ್ದಾರೆ, ಅವರು ತಮ್ಮ ಪಾಡಿಗೆ ಆನಂದದಲ್ಲಿದ್ದಾರೆ, ಸಿಡಿಲು ಎಸೆಯುವ ಕೆಲಸ ಅವರದಲ್ಲ ಎಂಬುದು ಮೊದಲ ಸಾಲಿನ ಅರ್ಥ.

ಸಾವಿನ ತರ್ಕ ಚಿಕ್ಕದು: ಒಳಿತು ಕೆಡುಕೆಲ್ಲ ಅನುಭವದಲ್ಲಿದೆ, ಸಾವೆಂದರೆ ಅನುಭವದ ಕೊನೆ, ನಾವಿರುವಾಗ ಅದಿಲ್ಲ, ಅದು ಬಂದಾಗ ನಾವಿಲ್ಲ. ಸತ್ತ ಮೇಲಿನ ನೋವಿಗಲ್ಲ, ಕೈತಪ್ಪುವ ಬಾಳಿಗೆ ಹೆದರುತ್ತೇವೆ ಎನ್ನುವವರಿಗೆ ಲುಕ್ರೀಶಿಯಸ್ ಒಂದು ಕನ್ನಡಿ ಹಿಡಿಯುತ್ತಾನೆ: ನೀನು ಹುಟ್ಟುವ ಮೊದಲಿನ ಕೊನೆಯಿಲ್ಲದ ಕಾಲ ಕೈತಪ್ಪಿತೆಂದು ಅಳುತ್ತೀಯಾ? ಚಿಕ್ಕ ಮಕ್ಕಳನ್ನು ಬಿಟ್ಟು ಹೋಗಬೇಕಾದ ತಾಯಿಗೆ ಈ ಕನ್ನಡಿ ಸಾಲದು ಎಂದೇ ನನಗನಿಸುತ್ತದೆ.

ನೋವಿನ ಸಾಲು ಇನ್ನೂ ದುರ್ಬಲ. ತೀವ್ರ ನೋವು ಬಹುಕಾಲ ಇರುವುದಿಲ್ಲ, ಬಹುಕಾಲದ ನೋವು ತೀವ್ರವಾಗಿರುವುದಿಲ್ಲ ಎಂದ ಎಪಿಕ್ಯೂರಸ್. ವರ್ಷಗಟ್ಟಲೆ ಬೆನ್ನುನೋವಿನಲ್ಲಿ ಬೇಯುವವರು ಇದನ್ನು ಒಪ್ಪಲಾರರು, ಸಿಸೆರೊನೂ ಒಪ್ಪಲಿಲ್ಲ. ಆದರೆ ಈ ಸಾಲನ್ನು ಬರೆದವನು ಹಾಯಾಗಿ ಕೂತು ಬರೆದವನಲ್ಲ. ಕ್ರಿ.ಪೂ. 270ರ ಸುಮಾರಿಗೆ, 72ನೇ ವಯಸ್ಸಿನಲ್ಲಿ, ಕಲ್ಲು ಸಿಕ್ಕಿ ಮೂತ್ರ ಕಟ್ಟಿ 14 ದಿನ ನರಳಿದ. ಕೊನೆಯ ದಿನ ಕಂಚಿನ ತೊಟ್ಟಿಯ ಬಿಸಿನೀರಿನಲ್ಲಿ ಕೂತು, ನೀರು ಬೆರೆಸದ ದ್ರಾಕ್ಷಾರಸ ಕೇಳಿ ಕುಡಿದು, ತನ್ನ ಬೋಧನೆಯನ್ನು ನೆನಪಿಟ್ಟುಕೊಳ್ಳಿ ಎಂದು ಗೆಳೆಯರಿಗೆ ಹೇಳಿ ತೀರಿಕೊಂಡ.

ಆ ಕೊನೆಯ ಹೊತ್ತಿನಲ್ಲಿ ಇಡೊಮೆನಿಯಸ್ ಎಂಬ ಗೆಳೆಯನಿಗೆ ಬರೆದ ಪತ್ರ ಉಳಿದಿದೆ. ನೋವು ಇದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ, ಆದರೂ ಇದು ಸುಖದ ದಿನ, ನಾವು ಆಡಿದ ಮಾತುಗಳ ನೆನಪಿನ ಸಂತೋಷ ಅದರ ಎದುರು ನಿಂತಿದೆ ಎನ್ನುತ್ತದೆ ಅದು. ಸಿಸೆರೊ ಈ ಪತ್ರವನ್ನು ಉದ್ಧರಿಸಿ, ಈ ಮನುಷ್ಯ ತನ್ನ ಸಿದ್ಧಾಂತಕ್ಕಿಂತ ದೊಡ್ಡವನು, ದೇಹದ ಸುಖವೇ ಎಲ್ಲ ಎಂದವನು ಹೀಗೆ ಬರೆಯಲಾರ ಎಂದ. ಇಲ್ಲೂ ಹಳೆಯ ಎಡವಟ್ಟೇ. ದೇಹದ ಸುಖವೇ ಎಲ್ಲ ಎಂದದ್ದು ಸಿರೀನ್ ಪಂಥ. ದೇಹಕ್ಕೆ ಈ ಕ್ಷಣ ಮಾತ್ರ ಗೊತ್ತು, ಮನಸ್ಸಿಗೆ ಹಿಂದಿನದೂ ಮುಂದಿನದೂ ಗೊತ್ತು, ಆದ್ದರಿಂದ ಮನಸ್ಸಿನ ಸುಖ ದುಃಖಗಳೇ ದೊಡ್ಡವು ಎಂಬುದು ಎಪಿಕ್ಯೂರಸ್ ಅವರಿಂದ ಬೇರೆಯಾದ ಮುಖ್ಯ ಜಾಗ.

ಪತ್ರದ ಕೊನೆಯಲ್ಲಿ ಒಂದು ಕೋರಿಕೆ ಇದೆ. ದಿನಕ್ಕೆ ಪೂರಾ ಒಂದು ಒಬೊಲ್ ಬೇಕಾಗುತ್ತಿದ್ದ ಮೆಟ್ರೊಡೋರಸ್ ಏಳು ವರ್ಷದ ಹಿಂದೆಯೇ ತೀರಿಹೋಗಿದ್ದ. ಅವನ ಮಕ್ಕಳನ್ನು ನೋಡಿಕೋ ಎಂದು ಬರೆದು ಪತ್ರ ಮುಗಿಸಿದ್ದಾನೆ.